ಆದಾಯ ತೆರಿಗೆ ದರಗಳು: ದೇಶಗಳ ನಡುವಿನ ಹೋಲಿಕೆ

ಸಂಬಳ, ವ್ಯಾಪಾರದ ಲಾಭ, ಬಾಡಿಗೆ, ಬಡ್ಡಿ ಮೊದಲಾದ ಗಳಿಕೆಯ ಮೇಲೆ ಸರ್ಕಾರ ನೇರವಾಗಿ ವಿಧಿಸುವ ತೆರಿಗೆ ಆದಾಯ ತೆರಿಗೆ. ಅದರ ದರ ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲ. ಬಲ್ಗೇರಿಯದಲ್ಲಿ ಎಲ್ಲರಿಗೂ ಶೇ. 10, ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್‌ಗಳಲ್ಲಿ ರಾಷ್ಟ್ರಮಟ್ಟದ ಗರಿಷ್ಠ ದರ ಶೇ. 45. ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಈ ಗರಿಷ್ಠ ದರ ಮಾತ್ರ. ಆ ದರ ಎಷ್ಟು ಆದಾಯದಿಂದ ಶುರುವಾಗುತ್ತದೆ, ಅದರ ಜೊತೆಗೆ ಇನ್ನೇನು ಕಡಿತವಾಗುತ್ತದೆ, ತೆರಿಗೆ ಕಟ್ಟಿದವರಿಗೆ ಏನು ಸಿಗುತ್ತದೆ ಎಂಬುದನ್ನು ನೋಡದೆ ಮಾಡಿದ ಹೋಲಿಕೆ ಓದುಗರ ದಾರಿ ತಪ್ಪಿಸುತ್ತದೆ.

ಹಿನ್ನೆಲೆ

ಆಧುನಿಕ ಆದಾಯ ತೆರಿಗೆ ಹುಟ್ಟಿದ್ದು ಯುದ್ಧದ ಖರ್ಚಿಗಾಗಿ. ಫ್ರಾನ್ಸ್ ವಿರುದ್ಧದ ಸಮರಕ್ಕೆ ಹಣ ಹೊಂದಿಸಲು ಬ್ರಿಟನ್ನಿನ ಪ್ರಧಾನಿ ಕಿರಿಯ ವಿಲಿಯಂ ಪಿಟ್ 1799ರಲ್ಲಿ ಇದನ್ನು ಜಾರಿಗೆ ತಂದರು. 1857ರ ದಂಗೆಯಿಂದ ಬರಿದಾಗಿದ್ದ ಖಜಾನೆ ತುಂಬಲು ಬ್ರಿಟಿಷ್ ಆಡಳಿತದ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರಲ್ಲಿ ಇದನ್ನು ಭಾರತಕ್ಕೂ ತಂದರು. ಅಮೆರಿಕದಲ್ಲಿ 1913ರ ಸಂವಿಧಾನ ತಿದ್ದುಪಡಿಯ ನಂತರ ಅದು ನೆಲೆಯೂರಿತು. ಆಗ ಅಲ್ಲಿನ ಗರಿಷ್ಠ ದರ ಶೇ. 7, ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಅದು ಶೇ. 94ಕ್ಕೆ ಏರಿತು. ಈಗ ಶೇ. 37.

ಭಾರತದಲ್ಲೂ 1970ರ ದಶಕದ ಆರಂಭದಲ್ಲಿ ಸರ್ಚಾರ್ಜ್ ಸೇರಿ ಗರಿಷ್ಠ ದರ ಶೇ. 97.75 ಇತ್ತು. ಇಷ್ಟು ಭಾರವೇ ತೆರಿಗೆಗಳ್ಳತನಕ್ಕೆ ಒಂದು ಕಾರಣವೆಂದು ಸರ್ಕಾರ ನೇಮಿಸಿದ್ದ ವಾಂಚೂ ಸಮಿತಿ ಹೇಳಿದ ಮೇಲೆ ದರ ಇಳಿಯತೊಡಗಿತು. 1997ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಶೇ. 10, 20, 30 ಎಂಬ ಮೂರು ಹಂತಗಳನ್ನು ನಿಗದಿಪಡಿಸಿದರು.

ಸ್ಲ್ಯಾಬ್ ದರ ಮತ್ತು ನಿಜವಾದ ಹೊರೆ

ಹೆಚ್ಚಿನ ದೇಶಗಳಲ್ಲಿ ಆದಾಯ ಏರಿದಂತೆ ದರವೂ ಏರುತ್ತದೆ. ಆದರೆ ಏರಿದ ದರ ಅನ್ವಯವಾಗುವುದು ಆ ಆದಾಯದ ಹಂತಕ್ಕೆ, ಅಂದರೆ ಸ್ಲ್ಯಾಬ್‌ಗೆ, ಸೇರುವ ಹಣಕ್ಕಷ್ಟೇ, ಇಡೀ ಆದಾಯಕ್ಕಲ್ಲ. ಭಾರತದ ಹೊಸ ಪದ್ಧತಿಯಲ್ಲಿ (2025-26) 4 ಲಕ್ಷ ರೂಪಾಯಿಯವರೆಗೆ ತೆರಿಗೆಯಿಲ್ಲ. ನಂತರ ಪ್ರತಿ 4 ಲಕ್ಷಕ್ಕೆ ಶೇ. 5, 10, 15, 20, 25 ಎಂದು ಏರಿ, 24 ಲಕ್ಷ ದಾಟಿದ ಮೊತ್ತಕ್ಕೆ ಶೇ. 30. ತೆರಿಗೆಗೊಳಪಡುವ ಆದಾಯ 12 ಲಕ್ಷ ಮೀರದಿದ್ದರೆ ಸಂಬಳದಾರರಿಗೆ ರಿಯಾಯಿತಿ ಸಿಕ್ಕಿ ತೆರಿಗೆ ಪೂರ್ತಿ ಮನ್ನಾ ಆಗುತ್ತದೆ.

ವರ್ಷಕ್ಕೆ 16.75 ಲಕ್ಷ ಸಂಬಳ ಪಡೆಯುವವರ ಲೆಕ್ಕ ನೋಡಬಹುದು. 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 16 ಲಕ್ಷ. ಮೂರು ಸ್ಲ್ಯಾಬ್‌ಗಳ ತೆರಿಗೆ 20,000, 40,000 ಮತ್ತು 60,000, ಶೇ. 4ರ ಸೆಸ್ ಸೇರಿ ಒಟ್ಟು 1,24,800 ರೂಪಾಯಿ. ಅವರು ಶೇ. 15ರ ಸ್ಲ್ಯಾಬ್‌ನಲ್ಲಿದ್ದರೂ ಸಂಬಳದಲ್ಲಿ ತೆರಿಗೆಗೆ ಹೋಗುವುದು ಸುಮಾರು ಶೇ. 7.5 ಮಾತ್ರ.

ಬ್ರಿಟನ್‌ನಲ್ಲಿ 60,000 ಪೌಂಡ್ ಸಂಬಳದವರು ಶೇ. 40ರ ಹಂತ ಮುಟ್ಟಿರುತ್ತಾರೆ. 12,570 ಪೌಂಡ್‌ವರೆಗೆ ವಿನಾಯಿತಿ, 50,270ರವರೆಗೆ ಶೇ. 20, ಅದರಾಚೆಗೆ ಶೇ. 40 ಎಂದು ಲೆಕ್ಕ ಹಾಕಿದರೆ ತೆರಿಗೆ 11,432 ಪೌಂಡ್, ಅಂದರೆ ಸಂಬಳದ ಶೇ. 19. ಅಲ್ಲಿಯ ವಿನಾಯಿತಿಗೆ ಇನ್ನೊಂದು ಷರತ್ತಿದೆ: ಆದಾಯ 1 ಲಕ್ಷ ಪೌಂಡ್ ದಾಟಿದರೆ ಪ್ರತಿ 2 ಪೌಂಡ್‌ಗೆ 1 ಪೌಂಡ್‌ನಂತೆ ವಿನಾಯಿತಿ ಕರಗುತ್ತಾ ಹೋಗುತ್ತದೆ. ಹಾಗಾಗಿ 1,00,000ದಿಂದ 1,25,140 ಪೌಂಡ್‌ವರೆಗಿನ ಗಳಿಕೆಯ ಮೇಲೆ ಬೀಳುವ ನಿಜವಾದ ದರ ಶೇ. 60. ಯಾವ ದರಪಟ್ಟಿಯಲ್ಲೂ ಈ ಸಂಖ್ಯೆ ಇರುವುದಿಲ್ಲ.

ಏಕದರ ಪದ್ಧತಿ

ಕೆಲವು ದೇಶಗಳು ಸ್ಲ್ಯಾಬ್‌ಗಳನ್ನೇ ಕೈಬಿಟ್ಟಿವೆ. 1994ರಲ್ಲಿ ಎಸ್ಟೋನಿಯ ಎಲ್ಲರಿಗೂ ಶೇ. 26ರ ಒಂದೇ ದರ ತಂದಿತು. 2025ರಲ್ಲಿ ಅದು ಶೇ. 22. ಹಂಗೆರಿಯಲ್ಲಿ ಶೇ. 15. ರಷ್ಯ 2001ರಲ್ಲಿ ಶೇ. 13ರ ಏಕದರ ತಂದು, 2021ರಲ್ಲಿ ಹೆಚ್ಚು ಆದಾಯದವರಿಗೆ ಶೇ. 15 ವಿಧಿಸಿ, 2025ರಿಂದ ಶೇ. 22ರವರೆಗಿನ ಐದು ಹಂತಗಳಿಗೆ ಮರಳಿದೆ. ಲೆಕ್ಕ ಸುಲಭವಾಗುತ್ತದೆ, ಮುಚ್ಚಿಡುವ ಆಸೆ ಕಡಿಮೆಯಾಗುತ್ತದೆ ಎಂಬುದು ಏಕದರದ ಪರವಾದ ವಾದ. ಹೆಚ್ಚು ಗಳಿಸುವವರು ಹೆಚ್ಚಿನ ಪಾಲು ಹೊರಬೇಕೆಂಬ ನ್ಯಾಯ ಇದರಲ್ಲಿ ಸಡಿಲವಾಗುತ್ತದೆ ಎಂಬುದು ವಿರುದ್ಧದ ವಾದ.

ಆದಾಯ ತೆರಿಗೆ ಇಲ್ಲದ ದೇಶಗಳು

ಎಮಿರೇಟ್ಸ್, ಕತಾರ್, ಕುವೈತ್, ಬಹರೇನ್‌ಗಳಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ತೈಲ ಮತ್ತು ಅನಿಲದ ಹಣ ಇದಕ್ಕೆ ದೊಡ್ಡ ಆಧಾರ. ಆದರೂ ಎಮಿರೇಟ್ಸ್ 2018ರಲ್ಲಿ ಶೇ. 5ರ ಮೌಲ್ಯವರ್ಧಿತ ತೆರಿಗೆಯನ್ನೂ 2023ರಲ್ಲಿ ಶೇ. 9ರ ಕಂಪನಿ ತೆರಿಗೆಯನ್ನೂ ತಂದಿತು. ಒಮಾನ್ 2028ರಿಂದ 42,000 ರಿಯಾಲ್ ಮೀರಿದ ಆದಾಯಕ್ಕೆ ಶೇ. 5ರ ತೆರಿಗೆ ವಿಧಿಸುವ ಕಾನೂನು ಮಾಡಿದೆ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿಗೆ ದುಡಿಯಲು ಹೋದ ಕುಟುಂಬಗಳಿಗೆ ಈ ಸೊನ್ನೆ ತೆರಿಗೆಯ ಇನ್ನೊಂದು ಮುಖವೂ ಗೊತ್ತು: ಮಕ್ಕಳ ಶಾಲಾ ಶುಲ್ಕವನ್ನು ಕೈಯಿಂದಲೇ ಭರಿಸಬೇಕು, ನಿವೃತ್ತಿಯ ಉಳಿತಾಯವನ್ನು ತಾವೇ ಕೂಡಿಡಬೇಕು.

ವಂತಿಗೆ ಮತ್ತು ಸ್ಥಳೀಯ ತೆರಿಗೆ

ಜರ್ಮನಿಯಲ್ಲಿ ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆಗಳಿಗೆ ನೌಕರರ ಸಂಬಳದಿಂದ ಸುಮಾರು ಐದನೆಯ ಒಂದು ಭಾಗದಷ್ಟು ವಂತಿಗೆ ಪ್ರತ್ಯೇಕವಾಗಿ ಕಡಿತವಾಗುತ್ತದೆ. ಡೆನ್ಮಾರ್ಕ್ ಇಂಥ ವೆಚ್ಚವನ್ನು ಬಹುಮಟ್ಟಿಗೆ ಆದಾಯ ತೆರಿಗೆಯಿಂದಲೇ ನಿಭಾಯಿಸುವುದರಿಂದ ಅಲ್ಲಿನ ದರ ಎತ್ತರವಾಗಿ ಕಾಣುತ್ತದೆ. ಸ್ವೀಡನ್‌ನಲ್ಲಿ ಸ್ಥಳೀಯ ಸಂಸ್ಥೆಗಳೇ ಸರಾಸರಿ ಶೇ. 32ರಷ್ಟು ಪಡೆಯುತ್ತವೆ, ರಾಷ್ಟ್ರದ ಶೇ. 20 ಅನ್ವಯಿಸುವುದು ಹೆಚ್ಚಿನ ಆದಾಯದವರಿಗೆ ಮಾತ್ರ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ತೆರಿಗೆ ಶೇ. 13.3ರವರೆಗೆ ಏರಿದರೆ, ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ.

ಈ ಭೇದಗಳನ್ನು ಒಂದೇ ಅಳತೆಗೆ ತರಲು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು (ಒಇಸಿಡಿ) ಆದಾಯ ತೆರಿಗೆಯ ಜೊತೆ ನೌಕರ ಮತ್ತು ಮಾಲೀಕ ಇಬ್ಬರ ವಂತಿಗೆಯನ್ನೂ ಕೂಡಿಸಿ, ಒಟ್ಟು ವೇತನ ವೆಚ್ಚದಲ್ಲಿ ಅದರ ಪಾಲನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ಸರಾಸರಿ ಸಂಬಳದ ಅವಿವಾಹಿತ ನೌಕರರಿಗೆ ಈ ಪಾಲು ಬೆಲ್ಜಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು. ಸದಸ್ಯ ದೇಶಗಳ ಸರಾಸರಿ ಸುಮಾರು ಶೇ. 35.

ಯಾವುದು ಆದಾಯ, ಯಾರ ಆದಾಯ

ದರ ಒಂದೇ ಇದ್ದರೂ ಆದಾಯದ ವ್ಯಾಖ್ಯೆ ಬೇರೆಯಾದರೆ ತೆರಿಗೆ ಬದಲಾಗುತ್ತದೆ. ಭಾರತದಲ್ಲಿ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಕೇಂದ್ರಕ್ಕಿಲ್ಲ, ಅದು ರಾಜ್ಯಗಳದು. ಆದಾಯ ತೆರಿಗೆ ನಿಯಮಗಳ ಪ್ರಕಾರ, ಕೊಡಗು ಅಥವಾ ಚಿಕ್ಕಮಗಳೂರಿನ ಬೆಳೆಗಾರರು ತಮ್ಮ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ಬಂದ ಆದಾಯದ ಶೇ. 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ಮಾತ್ರ ಕೇಂದ್ರದ ತೆರಿಗೆಗೆ ಒಳಪಡುತ್ತದೆ. ಫ್ರಾನ್ಸ್ ಮನೆಮಂದಿಯ ಆದಾಯವನ್ನು ಒಟ್ಟುಗೂಡಿಸಿ ಮಕ್ಕಳ ಸಂಖ್ಯೆಗೂ ಪಾಲು ಕೊಟ್ಟು ತೆರಿಗೆ ಲೆಕ್ಕ ಹಾಕುತ್ತದೆ. ಬ್ರಿಟನ್ ಮತ್ತು ಭಾರತಗಳಲ್ಲಿ ಗಂಡ ಹೆಂಡತಿಯರ ಲೆಕ್ಕ ಬೇರೆ ಬೇರೆ. ಬಹುತೇಕ ದೇಶಗಳು ವಾಸದ ಆಧಾರದ ಮೇಲೆ ತೆರಿಗೆ ಹಾಕಿದರೆ, ಅಮೆರಿಕ ತನ್ನ ಪ್ರಜೆಗಳು ಎಲ್ಲಿ ನೆಲೆಸಿದ್ದರೂ ಅವರ ಜಾಗತಿಕ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹೋಲಿಕೆಯ ಮಿತಿ

ಡೆನ್ಮಾರ್ಕ್‌ನಲ್ಲಿ ಆಸ್ಪತ್ರೆಯ ಚಿಕಿತ್ಸೆಗೂ ಸಾರ್ವಜನಿಕ ವಿಶ್ವವಿದ್ಯಾಲಯದ ಓದಿಗೂ ನಿವಾಸಿಗಳು ಶುಲ್ಕ ಕೊಡಬೇಕಿಲ್ಲ. ತೆರಿಗೆ ಕಡಿಮೆಯಿರುವ ಕಡೆ ಈ ಖರ್ಚುಗಳು ಕಾಣೆಯಾಗುವುದಿಲ್ಲ. ಸರ್ಕಾರದ ಲೆಕ್ಕದಿಂದ ಮನೆಯ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಎರಡು ದೇಶಗಳನ್ನು ಹೋಲಿಸುವವರು ಒಂದೇ ಬಗೆಯ ಕುಟುಂಬವನ್ನು ಆರಿಸಿಕೊಂಡು, ತೆರಿಗೆ ಮತ್ತು ವಂತಿಗೆ ಕಳೆದು ಕೈಗೆ ಬರುವ ಹಣವನ್ನೂ, ಆ ಹಣದಿಂದ ಆರೋಗ್ಯ, ಶಿಕ್ಷಣ, ಮುಪ್ಪಿನ ಭದ್ರತೆಗೆ ತೆರಬೇಕಾದ ಖರ್ಚನ್ನೂ ಜೊತೆಗಿಟ್ಟು ನೋಡಬೇಕು.