ಭೂಪಟದಲ್ಲಿ ನಮ್ಮ ಊರು: ನೂರು ವರ್ಷಗಳ ಭೂಗೋಳ ಮತ್ತು ಪೌರನೀತಿಯ ಪಾಠ

ನಿನ್ನ ಊರು ಯಾವ ಜಿಲ್ಲೆಯಲ್ಲಿದೆ? ರಾಜ್ಯದ ರಾಜಧಾನಿ ಯಾವುದು? ಪ್ರಾಥಮಿಕ ತರಗತಿಯ ಭೂಗೋಳವು ಇಂತಹ ಸರಳ ಪ್ರಶ್ನೆಗಳಿಂದಲೇ ಆರಂಭವಾಗುತ್ತದೆ. ಆದರೆ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಅಜ್ಜ, ಮಗ, ಮೊಮ್ಮಗ ಒಂದೇ ಬೆಂಚಿನಲ್ಲಿ ಕುಳಿತು ಕಲಿತಿದ್ದರೂ ಅವರು ಬರೆದ ಉತ್ತರಗಳು ಬೇರೆ ಬೇರೆ. ಮೂವರ ಉತ್ತರವೂ ಅವರವರ ಕಾಲಕ್ಕೆ ಸರಿಯೇ. ನಮ್ಮ ಶಾಲೆಯ ಶತಮಾನದ ಚರಿತ್ರೆಯನ್ನು ಈ ಉತ್ತರಗಳ ಮೂಲಕವೂ ಓದಬಹುದು.

1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಕೆನರಾ ಪ್ರಾಂತವು ಇಂಗ್ಲಿಷ್ ಕಂಪೆನಿಯ ವಶವಾಯಿತು. 1862ರಲ್ಲಿ ಅದರ ಉತ್ತರ ಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಆದುದರಿಂದ ನಮ್ಮ ಶಾಲೆಯ ಮೊದಲ ವಿದ್ಯಾರ್ಥಿಗಳು ಕಲಿತ ಉತ್ತರ: ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ಆಧಿಪತ್ಯ. ಜಿಲ್ಲೆಯ ಕೇಂದ್ರ ಮಂಗಳೂರು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿ ಎಂಬ ಹೆಸರಿನಿಂದ ಸುಳ್ಯವನ್ನು ಹಾದು ಬರುವ ಚಂದ್ರಗಿರಿ ಹೊಳೆಯು ತಾಲೂಕಿನ ನಡುವೆ ಹರಿದು ಕಡಲು ಸೇರುತ್ತಿತ್ತು.

ಆ ಕಾಲದ ಪೌರನೀತಿಯು ಊರಿನ ಪಟೇಲ, ಶಾನುಭೋಗ, ಉಗ್ರಾಣಿಯರಿಂದ ಆರಂಭವಾಗಿ ತಹಶೀಲ್ದಾರ, ಕಲೆಕ್ಟರ್, ಗವರ್ನರ್ ಎಂದು ಮೇಲೇರಿ ಸಮುದ್ರದಾಚೆಯ ಚಕ್ರವರ್ತಿಯಲ್ಲಿ ಮುಗಿಯುತ್ತಿತ್ತು. ಮತದಾನದ ಹಕ್ಕು ಆಸ್ತಿ, ತೆರಿಗೆ ಮುಂತಾದ ಅರ್ಹತೆಯುಳ್ಳ ಕೆಲವರಿಗೆ ಮಾತ್ರ. ‘ಪ್ರಜೆ’ ಎಂದರೆ ಅರಸನ ಆಳ್ವಿಕೆಗೆ ಒಳಗಾದವನು. 1950ರ ಜನವರಿ 26ರ ಬಳಿಕವೂ ಪಾಠದಲ್ಲಿ ಅದೇ ಶಬ್ದ ಉಳಿಯಿತು, ಅರ್ಥ ಮಾತ್ರ ತಲೆಕೆಳಗಾಯಿತು. 21 ವರ್ಷ ತುಂಬಿದ ಕೂಲಿಯಾಳಿಗೂ ಜಮೀನುದಾರನಿಗೂ ಒಂದೊಂದೇ ಮತ. ಆಳಿಸಿಕೊಳ್ಳುವವನ ಹೆಸರೇ ಆಳುವವನ ಹೆಸರಾಯಿತು.

ಅನಂತರ ಬಂದದ್ದು ರಾಜ್ಯ ಪುನರ್ವಿಂಗಡಣೆ. ಫಜಲ್ ಅಲಿಯವರ ಅಧ್ಯಕ್ಷತೆಯ ಆಯೋಗವು 1955ರಲ್ಲಿ ವರದಿಯನ್ನೊಪ್ಪಿಸಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಂದು ಅದನ್ನು ಮಲಬಾರು ಜಿಲ್ಲೆಗೆ ಕೂಡಿಸಲಾಯಿತು. 1957ರ ಜನವರಿ 1ರಂದು ಆ ಜಿಲ್ಲೆಯೇ ಮೂರಾಗಿ ಒಡೆದು ನಾವು ಕಣ್ಣೂರಿನವರಾದೆವು. 1956ರ ಮಳೆಗಾಲದಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವು ಬೇಸಗೆಯ ರಜೆ ಬರುವುದಕ್ಕೆ ಮೊದಲೇ ಮೂರು ಜಿಲ್ಲೆಗಳ, ಎರಡು ರಾಜ್ಯಗಳ ನಿವಾಸಿಯಾಗಿತ್ತು. ಅದು ಶಾಲೆಗೆ ನಡೆದು ಬರುತ್ತಿದ್ದ ಗದ್ದೆಯ ಹುಣಿ ಮಾತ್ರ ಇದ್ದಲ್ಲಿಯೇ ಇತ್ತು.

ಪೌರನೀತಿಯನ್ನು ಊರವರು ಪುಸ್ತಕದ ಹೊರಗೆ ಕಲಿತದ್ದೂ ಆಗಲೇ. ಸಭೆ, ಮನವಿ, ಸತ್ಯಾಗ್ರಹಗಳು ನಡೆದವು. ಅಧ್ಯಾಪಕರೂ ಕವಿಗಳೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ವಿಲೀನೀಕರಣ ಚಳವಳಿಯ ಮುಂಚೂಣಿಯಲ್ಲಿದ್ದರು. 1957ರಲ್ಲಿ ಕೇರಳ ವಿಧಾನಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮರುವರ್ಷ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಯಿತು. ಉತ್ತರ ಮತ್ತೊಮ್ಮೆ ಬದಲಾಯಿತು.

ಇಷ್ಟು ಸ್ಥಿತ್ಯಂತರಗಳ ನಡುವೆಯೂ ನಮ್ಮ ಮಕ್ಕಳು ಇವೆಲ್ಲವನ್ನೂ ಕನ್ನಡದಲ್ಲಿಯೇ ಕಲಿತರು. ಇದಕ್ಕೆ ಅಧ್ಯಾಪಕರ ಮತ್ತು ಹೆತ್ತವರ ಛಲದೊಂದಿಗೆ ಸಂವಿಧಾನದ ಆಧಾರವೂ ಇದೆ. 29 ಮತ್ತು 30ನೆಯ ವಿಧಿಗಳು ಭಾಷೆಯನ್ನು ಉಳಿಸಿಕೊಳ್ಳುವ, ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಅಲ್ಪಸಂಖ್ಯಾತರಿಗೆ ಕೊಟ್ಟಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು 350ಎ ವಿಧಿಯು ಹೇಳುತ್ತದೆ. ಈ ವಿಧಿಯನ್ನು ಸೇರಿಸಿದ್ದು 1956ರ ಏಳನೆಯ ತಿದ್ದುಪಡಿ. ರಾಜ್ಯಗಳ ಪಟ್ಟಿಯನ್ನು ಹೊಸದಾಗಿ ಬರೆದದ್ದೂ ಅದೇ ತಿದ್ದುಪಡಿ. ಗಡಿಯನ್ನು ಸರಿಸಿದ ಕೈಯೇ ಗಡಿಯೊಳಗೆ ಉಳಿದ ಮಗುವಿಗೆ ಒಂದು ಮಾತನ್ನೂ ಕೊಟ್ಟಿತ್ತು. ಆ ಮಾತು ಎಷ್ಟರಮಟ್ಟಿಗೆ ಉಳಿಯುವುದೆಂಬುದು ಅದನ್ನು ಬಲ್ಲವರ ಎಚ್ಚರವನ್ನು ಅವಲಂಬಿಸಿದೆ.

ಇಂದು ನಮ್ಮ ತರಗತಿಯ ಮಗುವು 28 ರಾಜ್ಯಗಳ, 8 ಕೇಂದ್ರಾಡಳಿತ ಪ್ರದೇಶಗಳ ಭಾರತವನ್ನು ಗುರುತಿಸುತ್ತದೆ. ಕೇರಳದ 14 ಜಿಲ್ಲೆಗಳಲ್ಲಿ ತೀರ ಉತ್ತರದ್ದಾದ ತನ್ನ ಜಿಲ್ಲೆಗೆ ಬಣ್ಣ ತುಂಬುತ್ತದೆ. ಮನೆಯಲ್ಲಿ ಅದರ ನುಡಿ ತುಳುವಾಗಿರಬಹುದು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವ್ಯಕರ ಕನ್ನಡವಾಗಿರಬಹುದು. ಅವೆಲ್ಲವನ್ನೂ ಒಂದೇ ಬೆಂಚಿನಲ್ಲಿ ಕೂಡಿಸಿದುದು ಶಾಲೆಯ ಕನ್ನಡ. ಮಲಯಾಳವನ್ನು ಚೆನ್ನಾಗಿ ಕಲಿತು, ರಾಜ್ಯದ ವ್ಯವಹಾರದಲ್ಲಿ ಸಮಾನವಾಗಿ ಪಾಲುಗೊಳ್ಳುವುದು ನಮ್ಮ ಮಕ್ಕಳಿಗೆ ಅಗತ್ಯ. ಅದಕ್ಕಾಗಿ ಕನ್ನಡವನ್ನು ಬಿಡಬೇಕಾದ ಅಗತ್ಯವಿಲ್ಲ. ಭೂಪಟವನ್ನು ಸರಕಾರಗಳು ಬರೆಯುತ್ತವೆ. ತರಗತಿಯಲ್ಲಿ ಮಕ್ಕಳು ಇರುವಂತೆ ನೋಡಿಕೊಳ್ಳುವುದು ಮಾತ್ರ ಊರಿನ ಕೆಲಸ. ಮುಂದಿನ ನೂರು ವರ್ಷಗಳ ಪೌರನೀತಿಯು ನಮಗೆ ಅಲ್ಲಿಂದಲೇ ಆರಂಭವಾಗಬೇಕು.