ಯಾವ ಸೆಟ್‌ನಿಂದ ಮೈ ಬರುತ್ತೆ? ಮೊದಲು ನಿಮ್ಮ ಶಿಫ್ಟ್ ಯಾವುದು ಹೇಳಿ

ಮರಿಯಮ್ಮನಹಳ್ಳಿಯಲ್ಲಿ ನನ್ನ ಜೊತೆ ಜಿಮ್ ಮಾಡೋ ಹುಡುಗರಲ್ಲಿ ಹೆಚ್ಚಿನವರು ಸುತ್ತಮುತ್ತಲ ಉಕ್ಕಿನ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸದವರು. ಎಂಟು ಗಂಟೆ ದುಡಿಮೆ, ಅದರ ಮೇಲೆ ಬಸ್ ಪ್ರಯಾಣ. ಜಿಮ್‌ಗೆ ಉಳಿಯೋದು ಮುಕ್ಕಾಲು ಗಂಟೆ. ಆದರೂ ವಿಡಿಯೊ ನೋಡಿಕೊಂಡು ಬಂದು ದಿನವೂ ಅದೇ ವಾದ: ಯಾವ ಸೆಟ್ ಒಳ್ಳೇದು?

ಸಾದಾ ಸೆಟ್: ಒಂದೇ ತೂಕವನ್ನು 8ರಿಂದ 12 ಸಲ ಎತ್ತಿ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎತ್ತೋದು. ಕಲಿಯೋರಿಗೆ ಇದೇ ಸುರಕ್ಷಿತ.

ಪಿರಮಿಡ್: ಸೆಟ್‌ನಿಂದ ಸೆಟ್‌ಗೆ ತೂಕ ಏರಿಸುತ್ತಾ, ಎಣಿಕೆ ಇಳಿಸೋದು. ಭಾರ ಎತ್ತುವ ಮುನ್ನ ಮೈ ಬಿಸಿಯಾಗಿರುತ್ತೆ. ತೂಕವನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು 1940ರ ದಶಕದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಾಳು ಸೈನಿಕರ ಚಿಕಿತ್ಸೆಗೆ ಬಳಸಿದ್ದರು.

ಡ್ರಾಪ್ ಸೆಟ್: ಕೈಸೋಲುವ ತನಕ ಎತ್ತಿ, ತಕ್ಷಣ ತೂಕವನ್ನು ಕಾಲುಭಾಗದಷ್ಟು ಇಳಿಸಿ ಮುಂದುವರಿಸೋದು. ಸಮಯ ಬಹಳ ಉಳಿಯುತ್ತೆ, ಸುಸ್ತು ಜಾಸ್ತಿ.

ಸೂಪರ್ ಸೆಟ್: ಎದೆಗೊಂದು, ಬೆನ್ನಿಗೊಂದು ವ್ಯಾಯಾಮವನ್ನು ನಡುವೆ ನಿಲ್ಲದೆ ಮಾಡೋದು. ಒಂದು ದುಡಿಯುವಾಗ ಇನ್ನೊಂದಕ್ಕೆ ವಿಶ್ರಾಂತಿ.

ಇವುಗಳಲ್ಲಿ ಗೆಲ್ಲೋದು ಯಾವುದು? 2017ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದರಲ್ಲಿ, ಮೊದಲೇ ಅಭ್ಯಾಸವಿದ್ದ 32 ಗಂಡಸರು 12 ವಾರ ಒಂದು ಕಾಲಿಗೆ ಸಾದಾ ಸೆಟ್, ಇನ್ನೊಂದಕ್ಕೆ ಪಿರಮಿಡ್ ಅಥವಾ ಡ್ರಾಪ್ ಸೆಟ್ ಮಾಡಿದರು. ಎತ್ತಿದ ಒಟ್ಟು ಭಾರ ಸಮ ಇತ್ತು. ತೊಡೆ ಬೆಳೆದದ್ದೂ ಹೆಚ್ಚುಕಮ್ಮಿ ಸಮವೇ.

ಅಂದರೆ ಲೆಕ್ಕಕ್ಕೆ ಬರೋದು ಒಟ್ಟು ದುಡಿಮೆ. ಒಂದೊಂದು ಸ್ನಾಯುವಿಗೆ ವಾರಕ್ಕೆ ಸುಮಾರು 10 ಗಟ್ಟಿ ಸೆಟ್ ಒಳ್ಳೆಯ ಗುರಿ. ಸಮಯ ಇದ್ದರೆ ಸಾದಾ ಸೆಟ್, ಇಲ್ಲದಿದ್ದರೆ ಸೂಪರ್ ಸೆಟ್. ಡ್ರಾಪ್ ಸೆಟ್ ಕೊನೆಯ ವ್ಯಾಯಾಮಕ್ಕಿರಲಿ. ರಾತ್ರಿ ಪಾಳಿ ಮುಗಿಸಿ ಬಂದು ಅದನ್ನೇ ಮಾಡ್ತಾ ಭುಜ ಹಿಡಿಸಿಕೊಂಡವನು ನಾನು.

ಆದರೆ ಸ್ನಾಯು ಬೆಳೆಯೋಕೆ ನಿದ್ದೆ ಬೇಕು, ಊಟ ಬೇಕು. ಸಂಶೋಧಕರು ಹೇಳುವಂತೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇರೋ ಹುಡುಗನಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು 6 ಗ್ರಾಂ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡೋಕೆ ಹೊರಟಾಗ ಆ ಒಂದು ಮೊಟ್ಟೆಗೂ ವಿರೋಧ ಎದ್ದಿತ್ತು.

ಹಾಗಾಗಿ ಸೆಟ್ ಯಾವುದಾದರೂ ಆರಿಸಿಕೊಳ್ಳಿ. ವಾದ ಮಾಡಲೇಬೇಕು ಅಂದ್ರೆ ಪಾಳಿಯ ಅವಧಿ ಬಗ್ಗೆ, ಕ್ಯಾಂಟೀನ್ ತಟ್ಟೆ ಬಗ್ಗೆ ಮಾಡಿ. ಮೈ ಬರೋದು, ಬಿಡೋದು ಅಲ್ಲೇ ತೀರ್ಮಾನ ಆಗುತ್ತೆ.