ನವೋದಯ ಪರೀಕ್ಷೆ: ಕ್ರಿಯಾಪದಗಳ ಸಮಾನಾರ್ಥಕ ಕಲಿಸುವುದು ಹೇಗೆ?

ಐದನೆಯ ತರಗತಿಯ ಮಕ್ಕಳಿಗಾಗಿ ನಡೆಯುವ ಜವಾಹರ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಂದೇ ಬಾರಿ ಬರೆಯಬಹುದು. ಒಟ್ಟು 80 ಪ್ರಶ್ನೆ, 100 ಅಂಕ. ಇದರಲ್ಲಿ ಭಾಷೆಗೆ 20 ಪ್ರಶ್ನೆ, 25 ಅಂಕ. ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಮನೆಯಲ್ಲಿ ಕೊಂಕಣಿ, ತುಳು ಮಾತನಾಡುವ ನಮ್ಮ ಮಕ್ಕಳಿಗೆ ಈ ವಿಭಾಗಕ್ಕೆ ವಿಶೇಷ ತಯಾರಿ ಅಗತ್ಯ.

ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದನ್ನು ನಾವು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಗದ್ಯಭಾಗ ಕೊಟ್ಟು ಅದರೊಳಗಿನ ಪದದ ಅರ್ಥ ಕೇಳಲಾಗುತ್ತದೆ. 'ತೆಗೆ' ಎಂಬುದನ್ನೇ ನೋಡಿ. ಬಾಗಿಲು ತೆಗೆದನು ಎಂದರೆ ತೆರೆದನು. ಅಂಗಿ ತೆಗೆದನು ಎಂದರೆ ಕಳಚಿದನು. ಸಾಲ ತೆಗೆದನು ಎಂದರೆ ಪಡೆದನು. 'ತೆಗೆ ಎಂದರೆ ತೆರೆ' ಎಂದಷ್ಟೇ ಕಲಿತ ಮಗು ಅಂಗಿಯನ್ನೂ ತೆರೆದೀತು! ಹಾಗೆಯೇ ವೀಕ್ಷಿಸು, ದಿಟ್ಟಿಸು, ಇಣುಕು ಎಲ್ಲವೂ 'ನೋಡು' ಎಂಬುದಕ್ಕೆ ಹತ್ತಿರದವು. ಆದರೆ ಕಣ್ಣು ಮಿಟುಕಿಸದೆ ನೋಡುವುದು ದಿಟ್ಟಿಸುವುದು, ಮರೆಯಿಂದ ನೋಡುವುದು ಇಣುಕುವುದು. ಕುಂದಾಪುರದ ಕಡೆ 'ಕಾಣಿ' ಎಂದರೆ ನೋಡಿ ಎಂದರ್ಥ. ಪುಸ್ತಕದ ಕನ್ನಡದಲ್ಲಿ 'ಕಾಣು' ಹೆಚ್ಚಾಗಿ ಕಣ್ಣಿಗೆ ಬೀಳು ಎಂಬ ಅರ್ಥದಲ್ಲಿ ಬರುತ್ತದೆ. ಆ ಕಡೆಯ ಹೆತ್ತವರು ಇದನ್ನು ಗಮನಿಸಬೇಕು.

ಆದುದರಿಂದ ಪ್ರತಿಯೊಂದು ಪದವನ್ನೂ ವಾಕ್ಯದಲ್ಲಿಯೇ ಬರೆಸಿ. ಮೂಲ ಪದದ ಜಾಗದಲ್ಲಿ ಹೊಸ ಪದವನ್ನು ಅದೇ ಕಾಲದಲ್ಲಿ ಇಟ್ಟು ಓದಿಸಿ: 'ಹೋದಳು' ಇದ್ದಲ್ಲಿ 'ತೆರಳಿದಳು', 'ತೆರಳುತ್ತಾಳೆ' ಅಲ್ಲ. ದಿನಕ್ಕೆ ಐದು ಪದ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿರಿ.